ಬಕ್ಕೇಶಪ್ಪನ ಮೂಗೂ ಭಾನುವಾರದ ಕುರಿಯೂ

ದಾವಣಗೆರೆಯಲ್ಲಿ ಬೆಣ್ಣೆ ವ್ಯಾಪಾರ ಮಾಡುವವರಿಗೆ ಒಂದು ತಕ್ಕಡಿ ಇದ್ದರೆ ಸಾಕು. ಬಕ್ಕೇಶಪ್ಪನಿಗೆ ತಕ್ಕಡಿಯ ಜೊತೆಗೆ ಮೂಗೂ ಇತ್ತು. ಹಳ್ಳಿಗಳಿಂದ ಬಂದ ಡಬ್ಬದ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಒಂದೇ ಸಲ ಉಸಿರೆಳೆದರೆ ಸಾಕು: ಇದು ಎಮ್ಮೆಯದು, ಇದು ಹಸುವಿನದು, ಇದು ಮೊನ್ನೆಯದರ ಮೇಲೆ ಇವತ್ತಿನದನ್ನು ಬಳಿದು ತಂದದ್ದು ಎಂದು ತೀರ್ಪು ಹೊರಬೀಳುತ್ತಿತ್ತು. ಆ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ. ಬಕ್ಕೇಶಪ್ಪ ಮೂಸಿದ್ದು ಎಂದರೆ ದೋಸೆ ಹೋಟೆಲಿನವರು ಮತ್ತೆ ಡಬ್ಬ ತೆರೆದು ನೋಡುತ್ತಲೂ ಇರಲಿಲ್ಲ.

ಅಂಥ ಮೂಗು, ಅವನಿಗೆ ಐವತ್ತೆರಡು ತುಂಬಿದ ವರ್ಷ, ಕೈಕೊಟ್ಟಿತು. ಮೊದಲು ಎಡಗಡೆ ಹೊಳ್ಳೆ ಕಟ್ಟಿತು. ಅದರ ಕಷ್ಟ ನೋಡಲಾರದೆ ಬಲಗಡೆಯದೂ ಕಟ್ಟಿತು. ವಾಸನೆ ಎಂಬುದು ಪೂರ್ತಿ ಹೊರಟುಹೋಯಿತು. ಜೊತೆಗೆ ಮಾತೂ ಕೆಟ್ಟಿತು. ಮೂಗಿನಿಂದ ಬರಬೇಕಾದ ಅಕ್ಷರಗಳೆಲ್ಲ ಬಾಯಿಂದಲೇ ಬರಲು ಶುರುವಾಗಿ, ಮ ಎಂದರೆ ಬ ಆಗುತ್ತಿತ್ತು, ನ ಎಂದರೆ ದ ಆಗುತ್ತಿತ್ತು. ಹರಿಹರದ ಮಾವನವರಿಗೆ ಫೋನು ಮಾಡಿ ಪ್ರೀತಿಯಿಂದ ‘ಮಾವ’ ಎಂದು ಕರೆದರೆ ಆ ಕಡೆಗೆ ‘ಬಾವ’ ಎಂದು ಕೇಳಿಸುತ್ತಿತ್ತು. ಎಪ್ಪತ್ತೆಂಟು ವರ್ಷದ ಉಜ್ಜನಪ್ಪನವರು ಅಳಿಯ ತಮ್ಮನ್ನು ಇದ್ದಕ್ಕಿದ್ದಂತೆ ಸರೀಕನ ಸಾಲಿಗೆ ಇಳಿಸಿದ್ದೇಕೆಂದು ತಿಳಿಯದೆ ಬಹಳ ದಿನ ಕೊರಗಿದರು. ಯಾರಾದರೂ ಕೇಳಿದರೆ ಬಕ್ಕೇಶಪ್ಪ ‘ದೆಗಡಿ’ ಎನ್ನುತ್ತಿದ್ದ. ನೆಗಡಿ ಎರಡು ವರ್ಷ ಇರುತ್ತದೆಯೇ ಎಂದು ಕೇಳುವಷ್ಟು ಪುರುಸೊತ್ತು ಪೇಟೆಯಲ್ಲಿ ಯಾರಿಗೂ ಇರಲಿಲ್ಲ.

ವ್ಯಾಪಾರ ಮಾತ್ರ ನಿಲ್ಲಲಿಲ್ಲ. ಬಕ್ಕೇಶಪ್ಪ ಮೊದಲಿನಂತೆಯೇ ಡಬ್ಬಕ್ಕೆ ಮುಖ ಇಡುತ್ತಿದ್ದ, ಮೊದಲಿನಂತೆಯೇ ಕಣ್ಣು ಮುಚ್ಚುತ್ತಿದ್ದ. ಒಂದು ಕಣ್ಣನ್ನು ಮಾತ್ರ ಪೂರ್ತಿ ಮುಚ್ಚುತ್ತಿರಲಿಲ್ಲ. ಆ ಸಂದಿಯಲ್ಲಿ ಬೆಣ್ಣೆ ತಂದವನ ಮುಖ ನೋಡುತ್ತಿದ್ದ. ತಂದವನು ಆರಾಮಾಗಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರೆ ಬೆಣ್ಣೆ ಒಳ್ಳೆಯದು. ಟವೆಲಿನ ತುದಿ ತಿರುವುತ್ತಿದ್ದರೆ ಮೊನ್ನೆಯದು. ಕೇಳದಿದ್ದರೂ ತನ್ನ ಎಮ್ಮೆಯ ಗುಣಗಾನ ಶುರುಮಾಡಿದರೆ ಡಬ್ಬವನ್ನು ಅಲ್ಲಿಂದಲೇ ವಾಪಸ್ ಕಳಿಸಬೇಕು. ಹೀಗೆ ಎರಡು ವರ್ಷ ಅವನು ಬೆಣ್ಣೆಯನ್ನು ಮೂಸದೆ ಮನುಷ್ಯರನ್ನು ಮೂಸಿ ಕಾಲ ಹಾಕಿದ. ಒಂದೆರಡು ಸಲ ಬಿಟ್ಟರೆ ತಪ್ಪಿಯೂ ಇರಲಿಲ್ಲ.

ಗುಟ್ಟು ಒಡೆದದ್ದು ಹರಿಹರದಲ್ಲಿ. ಅತ್ತೆ ಗುರುಶಾಂತಮ್ಮನವರು ಹಿತ್ತಲಲ್ಲಿ ಹರಳೆಣ್ಣೆ ಕಾಯಿಸುತ್ತಿದ್ದರು. ಆ ವಾಸನೆಗೆ ಅಕ್ಕಪಕ್ಕದ ಮೂರು ಮನೆಯವರು ಕಿಟಕಿ ಹಾಕಿಕೊಂಡಿದ್ದರು. ಉಜ್ಜನಪ್ಪನವರು ಮೂಗಿಗೆ ಪಂಚೆ ಹಿಡಿದುಕೊಂಡು ಬೀದಿಯ ಕಟ್ಟೆಯ ಮೇಲೆ ಕೂತಿದ್ದರು. ಹೆಂಡತಿ ವಾಣಿಶ್ರೀಯ ಜೊತೆ ಬಂದ ಬಕ್ಕೇಶಪ್ಪ ನೆಟ್ಟಗೆ ಒಳಗೆ ಹೋದ. ಒಲೆಯ ಮೇಲೆ ಹಳದಿಯಾಗಿ ಕುದಿಯುತ್ತಿರುವುದನ್ನು ನೋಡಿದ. ಎದೆ ತುಂಬ ಉಸಿರೆಳೆದಂತೆ ಮಾಡಿ, ಇಂಥ ತುಪ್ಪದ ಘಮ ದಾವಣಗೆರೆಯಲ್ಲಿ ಹುಟ್ಟಿ ಬೆಳೆದ ತನಗೂ ಸಿಕ್ಕಿರಲಿಲ್ಲ, ಬೀದಿಯ ತನಕ ಬಂದು ತನ್ನನ್ನು ಕರೆಯಿತು ಎಂದ. ಗುರುಶಾಂತಮ್ಮನವರು ಸೌಟು ಕೆಳಗಿಟ್ಟು ಮಗಳ ಮುಖ ನೋಡಿದರು. ಅಳಿಯ ಅಣಕಿಸುತ್ತಿದ್ದಾನೆಂದು ಅವರು ತಿಳಿದರು. ವಾಣಿಶ್ರೀ ಬೇರೆಯೇ ತಿಳಿದಳು. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಕಿವಿಯ ಹತ್ತಿರ ಬಾಗಿ, ವಾಸನೆ ಗೊತ್ತಾಗುತ್ತದೆಯೇ ಎಂದು ಒಂದೇ ಪ್ರಶ್ನೆ ಕೇಳಿದಳು. ಬಕ್ಕೇಶಪ್ಪ ದಾವಣಗೆರೆ ಬರುವ ತನಕ ಕಿಟಕಿಯ ಹೊರಗೇ ನೋಡುತ್ತಿದ್ದ. ಅವಳಿಗೆ ಉತ್ತರ ಸಿಕ್ಕಿತು.

ಮರುದಿನ ಕಿವಿ ಮೂಗು ಗಂಟಲಿನ ಡಾಕ್ಟರು ಸನೋಬರ್ ಅವರ ಮುಂದೆ ಕೂರಿಸಿದಳು. ಡಾಕ್ಟರು ಮೂಗಿನೊಳಗೆ ಒಂದು ಸಣ್ಣ ಕೊಳವೆ ಬಿಟ್ಟು ಪರದೆಯ ಮೇಲೆ ತೋರಿಸಿದರು. ಎರಡೂ ಹೊಳ್ಳೆಯಲ್ಲಿ ಬಿಳಿಚಿದ ದ್ರಾಕ್ಷಿ ಗೊಂಚಲಿನಂಥದು ಜೋತುಬಿದ್ದಿತ್ತು.

“ದುರ್ಮಾಂಸ ಬೆಳೆದೈತೆ ರೀ. ಆಪರೇಷನ್ ಮಾಡಿ ತೆಗೀಬೇಕು,” ಎಂದರು.

ಮಾಂಸ ಎಂಬ ಶಬ್ದವನ್ನು ಕೂಡ ಮನೆಯ ಹೊಸ್ತಿಲೊಳಗೆ ಬಿಡದ ವಂಶದಲ್ಲಿ ಹುಟ್ಟಿದ ಬಕ್ಕೇಶಪ್ಪನಿಗೆ, ಅದೂ ದುರ್ಮಾಂಸ, ಅದೂ ತನ್ನ ಮೂಗಿನಲ್ಲೇ ಎಂದು ಕೇಳಿ ಬೆವರು ಬಂತು. ಡಾಕ್ಟರು ಸಮಾಧಾನ ಮಾಡಿದರು. ಹಾಗೆಂದು ಕರೆಯುವುದು ವಾಡಿಕೆ ಅಷ್ಟೇ, ಒಳಗಿನ ಚರ್ಮ ಊದಿಕೊಂಡು ಬೆಳೆದದ್ದು, ತೆಗೆದರೆ ಉಸಿರಾಟ ಸರಿಹೋಗುತ್ತದೆ, ವಾಸನೆಯೂ ಬರಬಹುದು ಎಂದರು. ರಕ್ತ ಪರೀಕ್ಷೆ ಮಾಡಿಸಿದರು. ಅದರಲ್ಲಿ ವಿಟಮಿನ್ ಡಿ ಮೂವತ್ತಾದರೂ ಇರಬೇಕಾದ ಕಡೆ ಒಂಬತ್ತು ಇತ್ತು. ಎಸ್ಸೆಸ್ಸೆಲ್ಸಿಯ ಗಣಿತದ ನಂತರ ಇಷ್ಟು ಕಡಿಮೆ ಅಂಕವನ್ನು ಬಕ್ಕೇಶಪ್ಪ ಕಂಡಿರಲಿಲ್ಲ.

ಡಾಕ್ಟರು ನಿಧಾನವಾಗಿ ವಿವರಿಸಿದರು. ಈ ದುರ್ಮಾಂಸ ತೆಗೆದ ಮೇಲೂ ಕೆಲವರಿಗೆ ಮತ್ತೆ ಬೆಳೆಯುತ್ತದೆ. ಡಿ ಸರಿಯಾಗಿದ್ದವರಿಗೆ ಅಷ್ಟು ಬೇಗ ಬೆಳೆಯುವುದಿಲ್ಲವೆಂದು ಕೆಲವು ಅಧ್ಯಯನಗಳು ಹೇಳುತ್ತವೆ. ಖಂಡಿತ ಎಂದು ತಾವು ಹೇಳುವುದಿಲ್ಲ. ಆದರೆ ಕಡಿಮೆ ಇರುವುದಂತೂ ನಿಜ, ಅದನ್ನು ತುಂಬಿಸಲೇಬೇಕು. ವಾರಕ್ಕೊಂದು ಪುಡಿಯ ಪೊಟ್ಟಣ, ಹಾಲಿನಲ್ಲಿ, ಎಂಟು ವಾರ. ಆಪರೇಷನ್ನಿಗೆ ಮುಂಚೆ ಮೂರು, ಆಮೇಲೆ ಐದು. ಜೊತೆಗೆ ಕೈಕಾಲು ಬೆನ್ನಿಗೆ ಒಂದಿಷ್ಟು ಬಿಸಿಲು. ಎಂಟನ್ನೂ ಒಂದೇ ದಿನ ತೆಗೆದುಕೊಂಡು ಕೆಲಸ ಮುಗಿಸಬಹುದೇ ಎಂದು ಬಕ್ಕೇಶಪ್ಪ ಕೇಳಿದ. ಹಾಗೆ ಮಾಡಿದರೆ ಮೂಗಿನ ಬದಲು ಮೂತ್ರಪಿಂಡದ ಡಾಕ್ಟರ ಹತ್ತಿರ ಹೋಗಬೇಕಾಗುತ್ತದೆ ಎಂದು ಅವರು ಹೇಳಿದರು.

ಮನೆಗೆ ಬಂದವನೇ ಹೆಂಡತಿಯಿಂದ ಆಣೆ ಹಾಕಿಸಿಕೊಂಡ. ಮೂಗಿನ ಸಂಗತಿ ಯಾರಿಗೂ, ಅವಳ ತವರಿಗೂ, ತಿಳಿಯಕೂಡದು. ಕಾರಣವಿತ್ತು. ಅವನಿಂದ ಬೆಣ್ಣೆ ಕೊಳ್ಳುವ ದೋಸೆ ಹೋಟೆಲಿನ ಮಾಲೀಕ ಸಂತೋಷ, ಕರೂರು ಕೈಗಾರಿಕಾ ಪ್ರದೇಶದ ಹತ್ತಿರ ಎರಡನೆಯ ದೋಸೆ ಹೋಟೆಲು ತೆರೆಯುವವನಿದ್ದ. ಎರಡಕ್ಕೂ ಬೆಣ್ಣೆ ಹಾಕುವವನು ಯಾರೆಂದು ಆ ತಿಂಗಳಲ್ಲೇ ಗೊತ್ತಾಗಬೇಕಿತ್ತು. ವಾಸನೆ ತಿಳಿಯದ ಬೆಣ್ಣೆ ವ್ಯಾಪಾರಿಯನ್ನು ಯಾರು ಕೇಳುತ್ತಾರೆ? ವಾಣಿಶ್ರೀ ಆಣೆ ಹಾಕಿದಳು.

ಪುಡಿ ಕೊಟ್ಟವನು ಔಷಧಿ ಅಂಗಡಿಯ ನಿಂಗರಾಜ್. ಓದಿಕೊಂಡ ಹುಡುಗ. ಆ ಓದೇ ಮುಂದಿನ ಅನಾಹುತಕ್ಕೆ ಕಾರಣವಾಯಿತು. ಇದು ಏತರಿಂದ ಮಾಡಿದ್ದು ಎಂದು ಬಕ್ಕೇಶಪ್ಪ ಸಹಜವಾಗಿ ಕೇಳಿದ. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಿಂಗರಾಜ್ ಕುರಿಯ ಉಣ್ಣೆಯ ಜಿಡ್ಡಿನಿಂದ ಎಂದ. ಗಿರಾಕಿಯ ಮುಖ ಬಿಳಿಚಿದ್ದು ಕಂಡು, ಕುರಿಗೆ ಏನೂ ಆಗುವುದಿಲ್ಲ, ಉಣ್ಣೆ ಕತ್ತರಿಸಿಕೊಂಡು ಬಿಟ್ಟುಬಿಡುತ್ತಾರೆ, ಅದು ಮೇಯಲು ಹೋಗುತ್ತದೆ ಎಂದು ಧೈರ್ಯ ಹೇಳಿದ. ಬಕ್ಕೇಶಪ್ಪ ಬಹಳ ಹೊತ್ತು ಯೋಚಿಸಿ, ಕಂಬಳಿ ಹೊದೆಯುವುದು ತಪ್ಪಲ್ಲವಾದರೆ ಇದೂ ತಪ್ಪಲ್ಲ ಎಂದು ತೀರ್ಮಾನಿಸಿದ. ಆದರೂ ಸೋಮವಾರ ಉಪವಾಸ ಮಾಡುವ ಹೆಂಡತಿಗೆ ಕುರಿಯ ವಿಷಯ ಹೇಳುವ ಧೈರ್ಯ ಬರಲಿಲ್ಲ. ಪೊಟ್ಟಣಗಳನ್ನು ನಿಂಗರಾಜನ ಅಂಗಡಿಯಲ್ಲೇ ಇಟ್ಟು ವಾರಕ್ಕೊಂದು ತರುವುದೆಂದು ಏರ್ಪಾಟು ಮಾಡಿಕೊಂಡ. ಹೀಗೆ ಊರಿಗೆ ತಿಳಿಯದ ಗುಟ್ಟು ಒಂದು, ಹೆಂಡತಿಗೆ ತಿಳಿಯದ ಗುಟ್ಟು ಒಂದು, ಎರಡನ್ನೂ ಹೊತ್ತ ಮೂಗು ಒಂದು ಎಂಬ ಸ್ಥಿತಿ ಬಂತು.

ಭಾನುವಾರ ಹನ್ನೊಂದು ಗಂಟೆಗೆ ಅವನು ಮಾಳಿಗೆ ಹತ್ತುತ್ತಿದ್ದ. ಚಡ್ಡಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಕಳಚಿ, ಬೆನ್ನನ್ನು ಸೂರ್ಯನಿಗೆ ಕೊಟ್ಟು, ಪುಡಿ ಬೆರೆಸಿದ ಹಾಲು ಕುಡಿಯುತ್ತಿದ್ದ. ಔಷಧಿ ಒಳಗಿನಿಂದ, ಬಿಸಿಲು ಹೊರಗಿನಿಂದ ಬಂದು ನಡುವೆ ಎಲ್ಲೋ ಕೈ ಕುಲುಕುತ್ತವೆ ಎಂದು ಅವನ ನಂಬಿಕೆ. ಕೊನೆಯಲ್ಲಿ ಐದು ನಿಮಿಷ ತಲೆ ಹಿಂದಕ್ಕೆ ಚೆಲ್ಲಿ ಎರಡೂ ಹೊಳ್ಳೆಗಳನ್ನು ಸೂರ್ಯನ ಕಡೆ ತಿರುಗಿಸುತ್ತಿದ್ದ. ಇದನ್ನು ಡಾಕ್ಟರು ಹೇಳಿರಲಿಲ್ಲ. ಸ್ವಂತ ಬುದ್ಧಿ.

ಎರಡನೆಯ ಭಾನುವಾರ ಪಕ್ಕದ ಮಾಳಿಗೆಯಲ್ಲಿ ಕಸ್ತೂರಮ್ಮ ಸಂಡಿಗೆ ಹಾಕುತ್ತಿದ್ದಳು. ಅವಳದು ಹರಿಹರದ ತವರು, ಗುರುಶಾಂತಮ್ಮನವರ ಓಣಿಯೇ. ನೀರಿನ ಟ್ಯಾಂಕಿನ ಮರೆಯಲ್ಲಿದ್ದ ಅವಳನ್ನು ನೋಡದೆ ಬಕ್ಕೇಶಪ್ಪ ನಿಂಗರಾಜನಿಗೆ ಫೋನು ಮಾಡಿದ. ಈ ವಾರದ ಕುರಿಯದು ಆಯಿತು, ಮುಂದಿನ ವಾರಕ್ಕೆ ಇನ್ನೊಂದು ಎತ್ತಿಡು, ಮನೆಯಲ್ಲಿ ಗೊತ್ತಾಗಬಾರದು ಎಂಬುದು ಅವನು ಹೇಳಬೇಕೆಂದಿದ್ದ ಮಾತು. ಬಾಯಿಂದ ಬಂದದ್ದು ಹೀಗೆ:

“ಈ ವಾರದ ಕುರೀದು ಆತು. ಬುದ್ದಿದ ವಾರಕ್ಕೆ ಇದ್ದೊದ್ದು ಎತ್ತಿಡು. ಬದ್ಯಾಗ ಗೊತ್ತಾಗಬಾರ್ದು.”

ವಾಕ್ಯದಲ್ಲಿ ಅರ್ಧ ಶಬ್ದಗಳು ನುಜ್ಜುಗುಜ್ಜಾಗಿದ್ದವು. ಆದರೆ ಕುರಿ ಎಂಬುದರಲ್ಲಿ ಮ ಇಲ್ಲ, ನ ಇಲ್ಲ. ಅದು ಮಾತ್ರ ಗಂಟೆ ಬಾರಿಸಿದಂತೆ ಸ್ಪಷ್ಟವಾಗಿ ಪಕ್ಕದ ಮಾಳಿಗೆ ತಲುಪಿತು. ವಾರ ಎಂಬುದೂ ತಲುಪಿತು. ಗೊತ್ತಾಗಬಾರದು ಎಂಬುದಂತೂ ತಲುಪಲೇಬೇಕಾದ ಮಾತು. ಕಸ್ತೂರಮ್ಮ ಇಣುಕಿ ನೋಡಿದಳು. ಬಕ್ಕೇಶಪ್ಪ ಚಡ್ಡಿಯಲ್ಲಿ ಕೂತು ಬಾಯಿ ಒರೆಸಿಕೊಳ್ಳುತ್ತಿದ್ದ. ಆಮೇಲೆ ಆಕಾಶದ ಕಡೆ ಮುಖ ಎತ್ತಿ ಕಣ್ಣು ಮುಚ್ಚಿದ. ತಿಂದದ್ದರ ಸುಖ ಎಂದು ಅವಳು ಅರ್ಥ ಮಾಡಿಕೊಂಡಳು. ಹಾಕಿದ ಸಂಡಿಗೆಯನ್ನು ಕಾಗೆಗೆ ಬಿಟ್ಟು ಕೆಳಗಿಳಿದಳು.

ದಾವಣಗೆರೆಯಿಂದ ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರು. ಬಸ್ಸಿಗೆ ಅರ್ಧ ಗಂಟೆ ಬೇಕು. ಈ ಸುದ್ದಿಗೆ ಅಷ್ಟು ಬೇಕಾಗಲಿಲ್ಲ.

ಬುಧವಾರ ಬೆಳಿಗ್ಗೆ ಸಂತೋಷ ಬೆಣ್ಣೆಯ ಮಾತಿಗೆಂದು ಬಂದು ಪಡಸಾಲೆಯಲ್ಲಿ ಕೂತಿದ್ದ. ಇಂಥ ಮೂಗು ಜಿಲ್ಲೆಯಲ್ಲಿ ಇನ್ನೊಂದಿಲ್ಲ, ಅದನ್ನು ನಂಬಿಯೇ ಎರಡನೆಯ ಹೋಟೆಲು ತೆರೆಯುತ್ತಿದ್ದೇನೆ ಎಂದು ಅವನು ಹೇಳುತ್ತಿರುವಾಗಲೇ ಉಜ್ಜನಪ್ಪನವರೂ ಗುರುಶಾಂತಮ್ಮನವರೂ ಬಂದರು. ಕೊಟ್ಟ ನೀರು ಮುಟ್ಟಲಿಲ್ಲ. ಉಜ್ಜನಪ್ಪನವರು ಗೋಡೆಗೆ ಕೊಡೆ ಒರಗಿಸಿ, ಅದು ಬೀಳದಂತೆ ಎರಡು ಸಲ ಸರಿಮಾಡಿ ಕೇಳಿದರು:

“ಅಳಿಯಂದ್ರೆ, ಭಾನುವಾರ ಭಾನುವಾರ ಮಾಳಿಗೆ ಮ್ಯಾಲೆ ಕುರೀದು ತಗೊಳ್ತೀರಂತೆ. ಹೌದೋ ಅಲ್ಲೋ?”

ಬಕ್ಕೇಶಪ್ಪ ಒಮ್ಮೆ ಮಾವನ ಮುಖ ನೋಡಿದ, ಒಮ್ಮೆ ಸಂತೋಷನ ಮುಖ ನೋಡಿದ. ಕುರಿಯದು ಔಷಧಿ ಎಂದರೆ ಯಾವುದಕ್ಕೆ ಔಷಧಿ ಎಂದು ಕೇಳುತ್ತಾರೆ. ಡಿ ಎಂದರೆ ಡಿ ಏತಕ್ಕೆ ಎಂದು ಕೇಳುತ್ತಾರೆ. ಯಾವ ದಾರಿ ಹಿಡಿದರೂ ಅದು ಮೂಗಿನ ಹತ್ತಿರವೇ ಬಂದು ನಿಲ್ಲುತ್ತಿತ್ತು. ಒಂದು ಕಡೆ ಮೂರು ತಲೆಮಾರಿನ ಮರ್ಯಾದೆ, ಇನ್ನೊಂದು ಕಡೆ ಎರಡು ಹೋಟೆಲಿನ ಬೆಣ್ಣೆ. ದೊಡ್ಡ ದೊಡ್ಡ ರಾಜರೂ ಇಂಥ ಇಕ್ಕಟ್ಟಿನಲ್ಲಿ ಮಂತ್ರಿಯನ್ನು ಕೇಳುತ್ತಿದ್ದರು. ಬಕ್ಕೇಶಪ್ಪನಿಗೆ ಮಂತ್ರಿ ಇರಲಿಲ್ಲ.

“ಹೌದು,” ಎಂದ. “ತಗೊಳ್ತೀದಿ.”

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ವಾಣಿಶ್ರೀಯ ಕೈಯಿಂದ ಲೋಟ ಜಾರಿತು. ಗಂಡ ಮಾಳಿಗೆಯಲ್ಲಿ ಕುಡಿಯುವುದು ಬರೀ ಡಾಕ್ಟರ ಪುಡಿ ಎಂದು ನಂಬಿದ್ದ ಅವಳಿಗೆ ಕುರಿಯ ಸಂಗತಿಯೇ ಹೊಸದು. ಮೂಗಿನದನ್ನು ಬಾಯಿಬಿಡಲು ಆಣೆ ಅಡ್ಡ. ಸಂತೋಷ ಮಾತ್ರ ವ್ಯವಹಾರಸ್ಥ. ಏನಾದರೂ ತಿನ್ನಲಿ, ಮೂಗು ಸರಿಯಾಗಿದ್ದರೆ ಸಾಕು ಎಂದು ಹೇಳಿ, ವಾತಾವರಣ ನೋಡಿ ಎದ್ದುಹೋದ.

ಬೈಗುಳ ಬೀಳುತ್ತದೆ, ಅಳು ಕೇಳಬೇಕಾಗುತ್ತದೆ ಎಂದುಕೊಂಡಿದ್ದ ಬಕ್ಕೇಶಪ್ಪನಿಗೆ ಆಶ್ಚರ್ಯ ಕಾದಿತ್ತು. ಗುರುಶಾಂತಮ್ಮನವರು ಅಳಿಯನ ಕಡೆ ನೋಡಲೂ ಇಲ್ಲ. ಮಗಳ ಕಡೆ ತಿರುಗಿದರು. ಗಂಡಸು ಐವತ್ತು ದಾಟಿದ ಮೇಲೆ ಹೊರಗಿನ ರುಚಿ ಹುಡುಕುತ್ತಾನೆ ಎಂದರೆ ಒಳಗಿನ ಅಡಿಗೆಯಲ್ಲಿ ದೋಷವಿದೆ ಎಂದರು. ಎದ್ದು ಸೆರಗು ಸಿಕ್ಕಿಸಿಕೊಂಡು ಅಡಿಗೆಮನೆ ವಶಪಡಿಸಿಕೊಂಡರು. ಉಜ್ಜನಪ್ಪನವರನ್ನು ಒಬ್ಬರನ್ನೇ ಹರಿಹರಕ್ಕೆ ಕಳಿಸಿದರು. ಇಪ್ಪತ್ತೆಂಟು ವರ್ಷ ಆ ಒಲೆಯ ಮುಂದೆ ನಿಂತಿದ್ದ ವಾಣಿಶ್ರೀಗೆ ಕೊತ್ತಂಬರಿ ಸೋಸುವ ಕೆಲಸ ಸಿಕ್ಕಿತು.

ಅಲ್ಲಿಂದ ಮುಂದೆ ಕುರಿಯ ವಿರುದ್ಧ ಗುರುಶಾಂತಮ್ಮನವರ ಯುದ್ಧ. ಒಂದು ದಿನ ಎಣ್ಣೆಗಾಯಿ, ಒಂದು ದಿನ ಕಾಳುಪಲ್ಯ, ಒಂದು ದಿನ ಹೋಳಿಗೆ, ಅದರ ಮೇಲೆ ತುಪ್ಪ. ಬಡಿಸಿ ಎದುರಿಗೆ ಕೂತು, ಘಮ ಹೆಂಗೈತೆ, ಆ ನಿಮ್ಮ ಕುರಿಗಿಂತ ಮೇಲೋ ಕೆಳಗೋ ಎಂದು ಕೇಳುತ್ತಿದ್ದರು. ವಾಸನೆಯಿಲ್ಲದೆ ಎಲ್ಲವೂ ಅವನಿಗೆ ಬಿಸಿ ಮಣ್ಣಿನಂತೆ ಇರುತ್ತಿತ್ತು. ಆದರೂ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಹಾಗೆ ತಲೆದೂಗಿದಷ್ಟೂ ವಾಣಿಶ್ರೀ ಅಡಿಗೆಮನೆಯಿಂದ ಇನ್ನೊಂದು ಹೆಜ್ಜೆ ಹೊರಗೆ ಹೋಗುತ್ತಿದ್ದಳು. ಅವಳು ಗಂಡನ ಜೊತೆ ಮಾತು ಬಿಟ್ಟಿದ್ದಳು. ಕುರಿ ಎಂದರೆ ಉಣ್ಣೆಯ ಜಿಡ್ಡು ಎಂದು ಅವನು ಕೋಣೆಯಲ್ಲಿ ಗುಟ್ಟಾಗಿ ವಿವರಿಸಲು ನೋಡಿದ. ‘ಉಡ್ಡೆ’ ಎಂದು ಹೊರಬಿದ್ದದ್ದನ್ನು ಅವಳು ಉಂಡೆ ಎಂದು ಕೇಳಿಸಿಕೊಂಡು, ಕುರಿಯ ಉಂಡೆಯನ್ನೂ ತಿನ್ನುತ್ತಾನೆಂದು ತಿಳಿದು ಇನ್ನಷ್ಟು ದೂರ ಸರಿದಳು.

ಊರಿನಲ್ಲಿ ಕೆಲವರು ಅವನನ್ನು ನೋಡಿ ರಸ್ತೆಯ ಆಚೆ ಬದಿಗೆ ಹೋದರು. ಕೆಲವರು ಈಚೆ ಬದಿಗೂ ಬಂದರು. ವಾಯುವಿಹಾರದಲ್ಲಿ ಹಣೆ ತುಂಬ ವಿಭೂತಿ ಧರಿಸುವ ನಿವೃತ್ತ ಗುಮಾಸ್ತರೊಬ್ಬರು ಪಕ್ಕಕ್ಕೆ ಕರೆದು, ಕೇವಲ ಸಾಮಾನ್ಯ ಜ್ಞಾನಕ್ಕಾಗಿ, ಯಾವ ಹೋಟೆಲಿನಿಂದ ತರಿಸುತ್ತೀರಿ ಎಂದು ವಿಚಾರಿಸಿದರು. ಬಕ್ಕೇಶಪ್ಪ ನಿಜವನ್ನೇ ಹೇಳಿದ: ಔಷಧಿ ಅಂಗಡಿಯಿಂದ. ಗುಮಾಸ್ತರಿಗೆ ಬೇಸರವಾಯಿತು. ಹೇಳಲು ಇಷ್ಟವಿಲ್ಲದಿದ್ದರೆ ಬಿಡಿ ಎಂದು ಹೊರಟುಹೋದರು.

ಆಪರೇಷನ್ನಿನ ಹಿಂದಿನ ದಿನ, ವ್ಯಾಪಾರದ ಮೇಲೆ ಎರಡು ದಿನ ಪರಸ್ಥಳಕ್ಕೆ ಹೋಗುತ್ತೇನೆಂದು ಬಕ್ಕೇಶಪ್ಪ ಅತ್ತೆಗೆ ಹೇಳಿ ಇಟ್ಟಿದ್ದ. ಸಂಜೆ ಅವನು ಸ್ನಾನಕ್ಕೆ ಹೋದಾಗ ಮೊಬೈಲು ರಿಂಗಾಯಿತು. ಗುರುಶಾಂತಮ್ಮನವರು ಎತ್ತಿದರು. ಆಸ್ಪತ್ರೆಯ ನರ್ಸು ಬಹಳ ವಿನಯದಿಂದ, ನಾಳೆ ಬೆಳಿಗ್ಗೆ ದುರ್ಮಾಂಸ ತೆಗೆಯುವುದಿದೆ, ರಾತ್ರಿ ಊಟದ ಮೇಲೆ ಏನೂ ತಿನ್ನುವ ಹಾಗಿಲ್ಲ ಎಂದಳು. ಗುರುಶಾಂತಮ್ಮನವರು ಕುರ್ಚಿ ಹಿಡಿದು ಕೂತರು. ತಿಂದ ಪಾಪವನ್ನು ಹೊಟ್ಟೆ ಕೊಯ್ದು ತೆಗೆಯುವಷ್ಟು ವೈದ್ಯಶಾಸ್ತ್ರ ಮುಂದುವರಿದದ್ದು ಅವರಿಗೆ ಗೊತ್ತಿರಲಿಲ್ಲ. ಅಳಿಯ ಪ್ರಾಯಶ್ಚಿತ್ತಕ್ಕೆ ಒಪ್ಪಿದ್ದಾನೆ ಎಂದು ಒಂದು ಕಡೆ ಕಣ್ಣೀರು, ಬದುಕುತ್ತಾನೋ ಇಲ್ಲವೋ ಎಂದು ಇನ್ನೊಂದು ಕಡೆ ಕಣ್ಣೀರು. ಹರಿಹರಕ್ಕೆ ಫೋನು ಹೋಯಿತು. ಕಸ್ತೂರಮ್ಮನಿಗೂ ಹೋಯಿತು. ಅವಳಿಗೆ ಹೋದ ಮೇಲೆ ಉಳಿದವರಿಗೆ ಮಾಡುವ ಅಗತ್ಯ ಬೀಳಲಿಲ್ಲ.

ಬೆಳಿಗ್ಗೆ ಬಕ್ಕೇಶಪ್ಪ ಹಸಿರು ಗೌನು ತೊಟ್ಟು ಗಾಲಿಮಂಚದ ಮೇಲೆ ಮಲಗಿ ಬರುವಾಗ ಆಸ್ಪತ್ರೆಯ ಹಜಾರ ತುಂಬಿತ್ತು. ಮಾವ, ಅತ್ತೆ, ಕಸ್ತೂರಮ್ಮ, ಎಳನೀರು ಹಿಡಿದ ಸಂತೋಷ, ಇಪ್ಪತ್ತು ವರ್ಷದಿಂದ ಅವನಿಗೆ ಬೆಣ್ಣೆ ತರುವ ಕೊಕ್ಕನೂರಿನ ಗುತ್ತೆಪ್ಪ ಡಬ್ಬದ ಸಮೇತ. ಬಕ್ಕೇಶಪ್ಪ ಹೆಂಡತಿಯ ಕಡೆ ನೋಡಿದ. ತಾನು ಹೇಳಿಲ್ಲ ಎಂದು ಅವಳು ತಲೆಯಾಡಿಸಿದಳು. ಅಷ್ಟರಲ್ಲಿ ಬಾಗಿಲು ಮುಚ್ಚಿತು.

ಎರಡು ಗಂಟೆಯ ಮೇಲೆ ಸನೋಬರ್ ಡಾಕ್ಟರು ನಗುನಗುತ್ತ ಹೊರಗೆ ಬಂದರು. ಕೈಯಲ್ಲಿ ಒಂದು ಸಣ್ಣ ಗಾಜಿನ ಶೀಶೆ. ಅದರೊಳಗೆ ನೀರು, ನೀರೊಳಗೆ ಬಿಳಿ ಬಿಳಿ ತುಂಡು. ಇಷ್ಟು ಜನ ಆತಂಕದಿಂದ ಕಾದಿರುವುದನ್ನು ಕಂಡು ಅವರಿಗೂ ಖುಷಿಯಾಗಿ, ಶೀಶೆಯನ್ನು ಎತ್ತಿ ತೋರಿಸಿ, ನೋಡಿ, ದುರ್ಮಾಂಸ ಪೂರ್ತಿ ತೆಗೆದಿದ್ದೇವೆ ಎಂದರು. ಗುರುಶಾಂತಮ್ಮನವರು ಕನ್ನಡಕ ಹಾಕಿಕೊಂಡು ಬಹಳ ಹತ್ತಿರದಿಂದ ನೋಡಿದರು.

“ಅಯ್ಯೋ ಶಿವನೇ, ಅಗೀದಂಗೆ ನುಂಗ್ಯಾನಲ್ಲ,” ಎಂದರು.

ಡಾಕ್ಟರಿಗೆ ಅರ್ಥವಾಗಲಿಲ್ಲ. ಯಾರು ಏನನ್ನು ನುಂಗಿದ್ದು ಎಂದು ಕೇಳಿದರು. ಭಾನುವಾರದ ಕುರಿ ಎಂದು ಕಸ್ತೂರಮ್ಮ ವಿವರಿಸಿದಳು. ಡಾಕ್ಟರು ಮೊದಲು ಗೋಡೆಗೆ ಒರಗಿ ನಕ್ಕರು, ಆಮೇಲೆ ಮುಖ ಗಂಭೀರ ಮಾಡಿಕೊಂಡು ಹೇಳಲು ಶುರುಮಾಡಿದರು. ಇದು ಹೊಟ್ಟೆಯದಲ್ಲ, ಮೂಗಿನದು. ಭಾನುವಾರದ್ದು ವಿಟಮಿನ್ ಪುಡಿ, ಉಣ್ಣೆಯಿಂದ ಬಂದದ್ದು. ಪಾಪ, ಎರಡು ವರ್ಷದಿಂದ ಈ ಮನುಷ್ಯನಿಗೆ ಯಾವ ವಾಸನೆಯೂ ಗೊತ್ತಾಗುತ್ತಿರಲಿಲ್ಲ. ಮನೆಯವರಿಗೆಲ್ಲ ತಿಳಿದಿದೆ ಎಂದುಕೊಂಡೇ ಅವರು ಹೇಳಿದರು. ವಾಣಿಶ್ರೀ ಸನ್ನೆ ಮಾಡುವ ಹೊತ್ತಿಗೆ ಎಲ್ಲ ಹೇಳಿ ಮುಗಿದಿತ್ತು.

ಗುರುಶಾಂತಮ್ಮನವರು ಹಜಾರದಲ್ಲೇ ಮಗಳನ್ನು ಅಪ್ಪಿಕೊಂಡು, ನಿನ್ನ ಅಡಿಗೆಯಲ್ಲಿ ಏನೂ ದೋಷವಿಲ್ಲವೆಂದು ನಾಲ್ಕು ಜನರ ಎದುರಿಗೆ ತೀರ್ಪು ತಿದ್ದಿದರು. ಉಜ್ಜನಪ್ಪನವರು ಕುರಿಯಿಂದ ಪಾರಾದ ಸಮಾಧಾನಕ್ಕೆ ಅಲ್ಲೇ ಬೆಂಚಿನ ಮೇಲೆ ಕೂತು ಸಂತೋಷ ತಂದ ಎಳನೀರು ಕುಡಿದುಬಿಟ್ಟರು. ಸಂತೋಷನಿಗೆ ಅದರ ಪರಿವೆ ಇರಲಿಲ್ಲ. ಅವನು ಗುತ್ತೆಪ್ಪನ ಮುಖ ನೋಡುತ್ತಿದ್ದ. ಗುತ್ತೆಪ್ಪ ತನ್ನ ಡಬ್ಬವನ್ನು ನೋಡುತ್ತಿದ್ದ.

“ಈ ಮೂಗಿಗೆ ಹೆದರಿ ಎರಡು ವರ್ಷ ತಾಜಾ ಬೆಣ್ಣೇನೇ ತಂದೀನಲ್ಲಪ್ಪ,” ಎಂದ ಗುತ್ತೆಪ್ಪ ನಿಧಾನವಾಗಿ. ಆ ಧ್ವನಿಯಲ್ಲಿ ಪಶ್ಚಾತ್ತಾಪವಿತ್ತು.

ಮೂಗಿಗೆ ಹತ್ತಿ ತುರುಕಿಸಿಕೊಂಡು ಹೊರಬಂದ ಬಕ್ಕೇಶಪ್ಪನಿಗೆ ಎಚ್ಚರವಾಗಿತ್ತು. ಇಷ್ಟೂ ಮುಖಗಳನ್ನು ಅರೆಗಣ್ಣಲ್ಲಿ ಓದಿ, ಇನ್ನೂ ಅರ್ಧ ದಿನ ಅರಿವಳಿಕೆಯಲ್ಲೇ ಇರುವುದು ಕ್ಷೇಮವೆಂದು ಕಣ್ಣು ಮುಚ್ಚಿಕೊಂಡ.

ಆಮೇಲಿನ ಒಂದು ತಿಂಗಳು ಕಷ್ಟದ್ದು. ಸುದ್ದಿ ಪೇಟೆ ತುಂಬಿತು. ಸಂತೋಷ ನೋಡೋಣ ಎಂದ. ಹಳ್ಳಿಯ ಡಬ್ಬಗಳಲ್ಲಿ ಮೇಲೆ ಇವತ್ತು, ಕೆಳಗೆ ಮೊನ್ನೆ ಬರಲು ಶುರುವಾಯಿತು. ಬಕ್ಕೇಶಪ್ಪ ಮಾತ್ರ ಡಾಕ್ಟರು ಹೇಳಿದಂತೆ ಮೂಗು ತೊಳೆದ, ಔಷಧಿ ಸಿಂಪಡಿಸಿಕೊಂಡ, ಭಾನುವಾರ ಭಾನುವಾರ ಎಲ್ಲರೆದುರಿಗೆ ಪುಡಿ ಕುಡಿದ. ಹಾಲು ಕಾಸಿ ಕೊಡುವವಳು ವಾಣಿಶ್ರೀಯೇ.

ಏಳನೆಯ ಪೊಟ್ಟಣದ ಮಾರನೆಯ ದಿನ ಬೆಳಿಗ್ಗೆ ಅವನು ಹಾಸಿಗೆಯಲ್ಲಿ ಎದ್ದು ಕೂತ. ಒಗ್ಗರಣೆಯ ಸಾಸಿವೆ ಸಿಡಿಯುವುದು ಕಿವಿಗೆ ಕೇಳಿಸುವ ಮೊದಲೇ ಮೂಗಿಗೆ ಬಂದಿತ್ತು. ಓಡಿಹೋಗಿ ಅಡಿಗೆಮನೆಯಲ್ಲಿ ನಿಂತ. ಕರಿಬೇವು, ಇಂಗು, ಬೆಂಕಿಕಡ್ಡಿ, ಹೆಂಡತಿಯ ಮುಡಿಯ ಮಲ್ಲಿಗೆ, ಒದ್ದೆ ಒರಸುಬಟ್ಟೆ, ಎಲ್ಲವೂ ಒಟ್ಟಿಗೆ ನುಗ್ಗಿ ಬಂದವು.

“ವಾಣಿ, ಒರಸುಬಟ್ಟೆ ಎಷ್ಟು ಚೆನ್ನಾಗಿ ನಾರ್ತೈತೆ,” ಎಂದ.

ಇಷ್ಟು ವರ್ಷದ ಮೇಲೆ ತನ್ನ ಹೆಸರಿನ ಣಿಕಾರ ಸರಿಯಾಗಿ ಕೇಳಿ ವಾಣಿಶ್ರೀ ಒಲೆ ಆರಿಸಿ ಅಲ್ಲೇ ಕೂತುಬಿಟ್ಟಳು.

ಅಂದು ಬಕ್ಕೇಶಪ್ಪ ಊರು ಸುತ್ತಿದ. ಮಿರ್ಚಿ ಕರಿಯುವ ಬಂಡಿಯ ಮುಂದೆ ನಿಂತ, ಚರಂಡಿಯ ಮುಂದೆಯೂ ಅಷ್ಟೇ ಹೊತ್ತು ನಿಂತ. ಬಸ್ಸು ಬಿಟ್ಟ ಹೊಗೆಯನ್ನು ಹಿಂಬಾಲಿಸಿ ಅರ್ಧ ಬೀದಿ ನಡೆದ. ಮಾವನವರಿಗೆ ಫೋನು ಮಾಡಿ ಸುಮ್ಮನೆ ನಾಲ್ಕು ಸಲ ‘ಮಾವ’ ಎಂದ. ನಾಲ್ಕನೆಯದಕ್ಕೆ ಉಜ್ಜನಪ್ಪನವರು ಆಶೀರ್ವಾದ ಮಾಡಿದರು.

ಅಂಗಡಿಯಲ್ಲಿ ಮಾತ್ರ ಹೊಸ ಆಪತ್ತು ಕಾಣಿಸಿಕೊಂಡಿತು. ಗುತ್ತೆಪ್ಪ ತಂದ ಮೊದಲ ಡಬ್ಬ ಮೂಸಿ ಅಮೃತ ಎಂದ. ಎರಡನೆಯದೂ ಅಮೃತ. ಮೂರನೆಯದು ನಾಲ್ಕು ದಿನದ್ದು, ಎದುರಂಗಡಿಯವನು ಮೂಗು ಮುಚ್ಚಿಕೊಂಡಿದ್ದ. ಅದಕ್ಕೆ ಬಕ್ಕೇಶಪ್ಪನ ಕಣ್ಣಲ್ಲಿ ನೀರೇ ಬಂತು. ಎರಡು ವರ್ಷ ಹಸಿದಿದ್ದ ಮೂಗು ಈಗ ಯಾವುದನ್ನೂ ಬೇಡ ಎನ್ನಲಾರದಾಗಿತ್ತು. ಮೊದಲು ವಾಸನೆ ತಿಳಿಯದೆ ಒಳ್ಳೆಯದನ್ನೇ ಆರಿಸುತ್ತಿದ್ದವನು ಈಗ ವಾಸನೆ ತಿಳಿದು ಎಲ್ಲವನ್ನೂ ಆರಿಸಿದ. ಇದಕ್ಕೆ ಪುಡಿ ಇದೆಯೇ ಎಂದು ಡಾಕ್ಟರನ್ನು ಕೇಳಿದರೆ, ಖುಷಿಗೆ ತಮ್ಮಲ್ಲಿ ಔಷಧಿ ಇಲ್ಲ, ಬಂದ ವಾಸನೆ ಇರುವಷ್ಟು ದಿನ ಅನುಭವಿಸಿ, ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಿ ಎಂದರು.

ಕೊನೆಗೆ ವಾಣಿಶ್ರೀ ಸೆರಗು ಸಿಕ್ಕಿಸಿಕೊಂಡು ಅಂಗಡಿಗೆ ಬಂದು ಗಲ್ಲಾಪೆಟ್ಟಿಗೆಯ ಮುಂದೆ ಕೂತಳು. ಮೊದಲ ದಿನವೇ ಏಳು ಡಬ್ಬದಲ್ಲಿ ನಾಲ್ಕನ್ನು ವಾಪಸ್ ಕಳಿಸಿದಳು. ಅವಳು ಕಣ್ಣು ಮುಚ್ಚುತ್ತಿರಲಿಲ್ಲ, ಬಾಗುತ್ತಲೂ ಇರಲಿಲ್ಲ. ಡಬ್ಬ ರಸ್ತೆ ದಾಟುವಾಗಲೇ ತಲೆಯಾಡಿಸುತ್ತಿದ್ದಳು. ಎರಡು ವಾರದಲ್ಲಿ ಕೊಕ್ಕನೂರಿನಿಂದ ಆನಗೋಡಿನ ತನಕ ಭಯ ಹುಟ್ಟಿತು. ಸಂತೋಷ ಬಂದು ಎರಡೂ ಹೋಟೆಲಿನ ಬೆಣ್ಣೆಯ ಮಾತು ಮುಗಿಸಿದ್ದು ಅವಳ ಹತ್ತಿರವೇ. ಪಕ್ಕದಲ್ಲಿದ್ದ ಬಕ್ಕೇಶಪ್ಪನಿಗೆ ಒಂದು ನಮಸ್ಕಾರ ಹಾಕಿ ಹೋದ.

ಬಕ್ಕೇಶಪ್ಪನಿಗೆ ಅದರಿಂದ ಸ್ವಲ್ಪವೂ ಬೇಸರವಾಗಲಿಲ್ಲ. ತೂಕ ನೋಡುವ ಕೆಲಸ ಅವನದು. ವಾಣಿಶ್ರೀ ಬೇಡವೆಂದ ಡಬ್ಬವನ್ನು ಎತ್ತಿಕೊಂಡು ಮುಖ ಇಳಿಸಿಕೊಂಡು ಹೊರಟ ಹಳ್ಳಿಯವರ ಹಿಂದೆಯೇ ಅವನೂ ಮೆಲ್ಲಗೆ ಎದ್ದು ಹೋಗುತ್ತಾನೆ. ಮೂಲೆ ತಿರುಗಿದ ಮೇಲೆ ಭುಜ ಮುಟ್ಟಿ ನಿಲ್ಲಿಸಿ, ಅತ್ತಿತ್ತ ನೋಡಿ, ಇನ್ನೊಂದೇ ಒಂದು ಸಲ ಮುಚ್ಚಳ ತೆಗೆಯಿರಿ ಎಂದು ಬೇಡಿಕೊಳ್ಳುತ್ತಾನೆ.